ಲಸಿಕೆಯ ಡಿಜಿಟಲ್ ಪ್ರಮಾಣಪತ್ರ ಮತ್ತು ಸಾರ್ವಜನಿಕ ಸ್ಥಳಗಳ ಪ್ರವೇಶ: ಒಂದು ಅವಲೋಕನ

ಹೊಸಪೇಟೆ: ಕೋವಿಡ್ ಲಸಿಕೆಯ ಎರಡೂ ಡೋಸ್ ಪಡೆದವರಿಗೆ ಮಾತ್ರ ಮಾಲ್, ಚಿತ್ರಮಂದಿರ ಹಾಗೂ ಮಲ್ಟಿಪ್ಲೆಕ್ಸ್‌ಗಳಿಗೆ ಪ್ರವೇಶ ಎಂದು ಕರ್ನಾಟಕ ಸರಕಾರವು 2021ರ ಡಿಸೆಂಬರ್ 3ರಂದು ಪ್ರಕಟಿಸಿತು. ಶಾಲೆಗೆ ಹೋಗುವ ಮಕ್ಕಳ ತಂದೆ ತಾಯಿಯೂ ಎರಡು ಡೋಸ್ ಪಡೆದಿರಬೇಕು ಎಂದು ಅದೇ ಆದೇಶ ಹೇಳಿತು. ಒಂದು ತಿಂಗಳ ಬಳಿಕ, 2022ರ ಜನವರಿ 4ರ ಆದೇಶದಲ್ಲಿ, ಈ ಷರತ್ತು ಹೋಟೆಲ್, ಬಾರ್, ಕ್ಲಬ್‌ಗಳಿಗೂ ಪ್ರಾರ್ಥನಾ ಸ್ಥಳಗಳಿಗೂ ಅನ್ವಯವಾಯಿತು. ಹೀಗೆ ಮೊಬೈಲ್ ಫೋನಿನಲ್ಲಿದ್ದ ಒಂದು ಪುಟ, ಅಥವಾ ಅದರ ಮುದ್ರಿತ ಪ್ರತಿ, ಒಬ್ಬ ವ್ಯಕ್ತಿ ಒಳಗೆ ಹೋಗಬೇಕೇ ಹೊರಗೆ ನಿಲ್ಲಬೇಕೇ ಎಂಬುದನ್ನು ನಿರ್ಧರಿಸುವಂತಾಯಿತು.

ಈ ನಿಯಮಗಳು ಈಗ ಜಾರಿಯಲ್ಲಿಲ್ಲ. ಕೋವಿಡ್ ಜಾಗತಿಕ ತುರ್ತುಸ್ಥಿತಿ ಕೊನೆಗೊಂಡಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಘೋಷಿಸಿದೆ. ಆದರೆ ಮುಂದೊಂದು ದಿನ ಬೇರೊಂದು ರೋಗ ಬಂದರೆ ಇಂತಹ ಪ್ರಮಾಣಪತ್ರ ಮತ್ತೆ ಬರಬಹುದು. ಆಗ ಬಾಗಿಲಲ್ಲಿ ನಿಂತು ತಪಾಸಣೆ ಮಾಡುವವರು ಮತ್ತೆ ನಮ್ಮ ನಿಮ್ಮಂತಹ ಸಾಮಾನ್ಯ ಜನರೇ: ಚಿತ್ರಮಂದಿರದ ಕಾವಲುಗಾರ, ಹೋಟೆಲಿನ ಕೆಲಸಗಾರ, ಚರ್ಚ್‌ನ ಸ್ವಯಂಸೇವಕ. ಆದ್ದರಿಂದ ಈ ಪ್ರಮಾಣಪತ್ರ ಎಂದರೇನು, ಅದು ಯಾವುದನ್ನು ಸಾಬೀತು ಮಾಡುತ್ತಿತ್ತು, ಯಾವುದನ್ನು ಸಾಬೀತು ಮಾಡುತ್ತಿರಲಿಲ್ಲ, ಅದರಿಂದ ಯಾರಿಗೆ ಅನುಕೂಲವಾಯಿತು, ಯಾರಿಗೆ ತೊಂದರೆಯಾಯಿತು ಎಂಬುದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಆದೇಶದ ಹಿನ್ನೆಲೆ

ಭಾರತದಲ್ಲಿ ಕೋವಿಡ್‌ನಿಂದ ಮೊದಲ ಸಾವು ಸಂಭವಿಸಿದ್ದು ನಮ್ಮ ರಾಜ್ಯದ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. 2021ರ ಎಪ್ರಿಲ್-ಮೇ ತಿಂಗಳ ಎರಡನೇ ಅಲೆಯ ನೆನಪು ಈ ಭಾಗದ ಜನರಿಗೆ ಇನ್ನೂ ಮಾಸಿಲ್ಲ. ಆಗ ಸಂಡೂರು ತಾಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ಆಮ್ಲಜನಕ ಹೋಗುತ್ತಿತ್ತು. ಕಾರ್ಖಾನೆಯ ಬಳಿಯಲ್ಲಿಯೇ ಆಮ್ಲಜನಕ ಸೌಲಭ್ಯದ ತಾತ್ಕಾಲಿಕ ಆಸ್ಪತ್ರೆಯನ್ನೂ ತೆರೆಯಲಾಯಿತು.

ಲಸಿಕೆ ನೀಡುವ ಕಾರ್ಯ 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದ ಆರಂಭವಾಗಿತ್ತು. ಮಾರ್ಚ್ 1ರಿಂದ 60 ವರ್ಷ ಮೇಲ್ಪಟ್ಟವರಿಗೆ, ಎಪ್ರಿಲ್ 1ರಿಂದ 45 ವರ್ಷ ಮೇಲ್ಪಟ್ಟ ಎಲ್ಲರಿಗೆ, ಮೇ 1ರಿಂದ 18 ವರ್ಷ ಮೇಲ್ಪಟ್ಟವರಿಗೆ ಅವಕಾಶ ದೊರೆಯಿತು. ಅಕ್ಟೋಬರ್ 21ರಂದು ದೇಶದಲ್ಲಿ ನೀಡಿದ ಒಟ್ಟು ಡೋಸ್ 100 ಕೋಟಿ ತಲುಪಿತು. ಅದೇ ತಿಂಗಳ 2ರಂದು ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿತ್ತು. ಹಂಪಿ ಹೊಸ ಜಿಲ್ಲೆಗೆ ಸೇರಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು.

ಹೊಸ ಜಿಲ್ಲೆಗೆ ಎರಡು ತಿಂಗಳು ತುಂಬಿದ ದಿನವೇ, ಅಂದರೆ 2021ರ ಡಿಸೆಂಬರ್ 2ರಂದು, ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದವು. ಮರುದಿನವೇ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಸಭೆಯ ಬಳಿಕ ಮೇಲೆ ಹೇಳಿದ ನಿಯಮಗಳು ಪ್ರಕಟವಾದವು. ಉದ್ದೇಶ ಎರಡು ಬಗೆಯದ್ದಾಗಿತ್ತು. ಮುಚ್ಚಿದ ಕಟ್ಟಡಗಳಲ್ಲಿ ಜನ ಸೇರುವಾಗ ಅಪಾಯವನ್ನು ಕಡಿಮೆ ಮಾಡುವುದು ಒಂದು. ಎರಡನೇ ಡೋಸ್ ಪಡೆಯಲು ಹಿಂದೇಟು ಹಾಕುತ್ತಿದ್ದವರನ್ನು ಲಸಿಕಾ ಕೇಂದ್ರದತ್ತ ಕಳುಹಿಸುವುದು ಇನ್ನೊಂದು. ಈ ಎರಡು ಉದ್ದೇಶಗಳನ್ನು ಬೇರೆ ಬೇರೆಯಾಗಿ ನೋಡಿದರೆ ಮುಂದಿನ ವಿಷಯ ಸುಲಭವಾಗಿ ಅರ್ಥವಾಗುತ್ತದೆ.

ಪ್ರಮಾಣಪತ್ರದಲ್ಲಿ ಏನಿತ್ತು?

ಕೇಂದ್ರ ಸರಕಾರದ ಕೋವಿನ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ ಲಸಿಕೆ ಪಡೆದ ಪ್ರತಿಯೊಬ್ಬರಿಗೂ ಪ್ರಮಾಣಪತ್ರ ಸಿಗುತ್ತಿತ್ತು. ಮೊದಲ ಡೋಸ್ ಬಳಿಕ ತಾತ್ಕಾಲಿಕ ಪ್ರಮಾಣಪತ್ರ, ಎರಡನೇ ಡೋಸ್ ಬಳಿಕ ಅಂತಿಮ ಪ್ರಮಾಣಪತ್ರ. ಅದರಲ್ಲಿ ಹೆಸರು, ವಯಸ್ಸು, ಲಿಂಗ, ತೋರಿಸಿದ ಗುರುತಿನ ಚೀಟಿಯ ಕೊನೆಯ ಅಂಕೆಗಳು, ಲಸಿಕೆಯ ಹೆಸರು, ಪಡೆದ ದಿನಾಂಕ, ಸ್ಥಳ ಇತ್ಯಾದಿ ವಿವರಗಳಿದ್ದವು. ಪ್ರಧಾನಮಂತ್ರಿಯವರ ಭಾವಚಿತ್ರವೂ ಇತ್ತು. ಅದನ್ನು ಪ್ರಶ್ನಿಸಿದ ಅರ್ಜಿಯೊಂದನ್ನು ಕೇರಳ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ ವಜಾ ಮಾಡಿತ್ತು. ಪತ್ರದ ಒಂದು ಭಾಗದಲ್ಲಿ ಕಪ್ಪು ಬಿಳುಪು ಚೌಕಗಳ ಕ್ಯೂಆರ್ ಕೋಡ್ ಇತ್ತು.

ಈ ಪತ್ರವನ್ನು ಕೋವಿನ್ ಜಾಲತಾಣ, ಆರೋಗ್ಯ ಸೇತು, ಉಮಂಗ್ ಮತ್ತು ಡಿಜಿಲಾಕರ್ ಆ್ಯಪ್‌ಗಳಿಂದ ಪಡೆಯಬಹುದಾಗಿತ್ತು. 2021ರ ಆಗಸ್ಟ್‌ನಿಂದ ವಾಟ್ಸಾಪ್ ಮೂಲಕವೂ ಪಡೆಯುವ ಸೌಲಭ್ಯ ಬಂತು. 2021ರ ಜೂನ್‌ನಿಂದ ಕೋವಿನ್ ಜಾಲತಾಣ ಕನ್ನಡದಲ್ಲೂ ಲಭ್ಯವಾಯಿತು. ಹೆಸರು ಅಥವಾ ಹುಟ್ಟಿದ ವರ್ಷ ತಪ್ಪಾಗಿದ್ದರೆ ಸರಿಪಡಿಸಿಕೊಳ್ಳಲು ಅದೇ ತಿಂಗಳು ಅವಕಾಶ ನೀಡಲಾಯಿತು. ಆದರೆ ಒಮ್ಮೆ ಮಾತ್ರ.

ಕ್ಯೂಆರ್ ಕೋಡ್ ಹೇಗೆ ಕೆಲಸ ಮಾಡುತ್ತಿತ್ತು?

ಚರ್ಚ್ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಸುಲಭವಾಗಿ ವಿವರಿಸಬಹುದು. ಜ್ಞಾನಸ್ನಾನದ ಪ್ರಮಾಣಪತ್ರವೊಂದು ಬೇರೆ ಊರಿನ ಧರ್ಮಕೇಂದ್ರದಿಂದ ಬಂದಾಗ ನಾವು ಮೊದಲು ನೋಡುವುದು ಧರ್ಮಗುರುಗಳ ಸಹಿ ಮತ್ತು ಚರ್ಚಿನ ಮೊಹರು. ಅದರ ಮೇಲೆ ಸಂಶಯ ಬಂದರೆ ಆ ಚರ್ಚಿನ ದಾಖಲೆ ಪುಸ್ತಕದೊಂದಿಗೆ ಹೋಲಿಸಿ ನೋಡುತ್ತೇವೆ. ಕಾಗದ ಎಷ್ಟು ಅಂದವಾಗಿದೆ ಎಂಬುದು ಮುಖ್ಯವಲ್ಲ, ಸಹಿ ಯಾರದ್ದು ಎಂಬುದು ಮುಖ್ಯ.

ಲಸಿಕೆಯ ಕ್ಯೂಆರ್ ಕೋಡ್‌ನಲ್ಲೂ ಹಾಗೆಯೇ. ಪ್ರಮಾಣಪತ್ರದ ವಿವರಗಳೊಂದಿಗೆ ಅದನ್ನು ನೀಡಿದವರ ಡಿಜಿಟಲ್ ಸಹಿಯೂ ಕೋಡ್‌ನಲ್ಲಿ ಅಡಕವಾಗಿರುತ್ತಿತ್ತು. ಈ ಸಹಿಯನ್ನು ಮಾಡಲು ಒಂದು ಗುಪ್ತ ಕೀಲಿ ಬೇಕು, ಅದು ನೀಡುವವರ ಬಳಿ ಮಾತ್ರ ಇರುತ್ತದೆ. ಸಹಿ ನಿಜವೇ ಎಂದು ಪರೀಕ್ಷಿಸಲು ಇನ್ನೊಂದು ಕೀಲಿ, ಅದನ್ನು ಎಲ್ಲರಿಗೂ ಬಹಿರಂಗವಾಗಿ ನೀಡಲಾಗುತ್ತದೆ. ಯಾರಾದರೂ ಕೋಡ್ ಒಳಗಿನ ಹೆಸರಿನ ಒಂದು ಅಕ್ಷರವನ್ನು ಬದಲಿಸಿದರೂ ಸಹಿ ಹೊಂದಿಕೆಯಾಗುವುದಿಲ್ಲ. ಪರೀಕ್ಷಿಸಲು ಕೋವಿನ್‌ನ ಪರಿಶೀಲನಾ ಪುಟ ತೆರೆದು ಫೋನಿನ ಕ್ಯಾಮೆರಾವನ್ನು ಕೋಡ್‌ಗೆ ಹಿಡಿಯಬೇಕಿತ್ತು. ಪತ್ರ ಅಸಲಿಯಾಗಿದ್ದರೆ ಹೆಸರು, ವಯಸ್ಸು, ಡೋಸ್ ವಿವರ ಪರದೆಯ ಮೇಲೆ ಬರುತ್ತಿತ್ತು. ನಕಲಿಯಾಗಿದ್ದರೆ ಅಸಿಂಧು ಎಂದು ತೋರಿಸುತ್ತಿತ್ತು.

ಇಲ್ಲಿ ಹೆಮ್ಮೆಪಡುವಂತಹ ಒಂದು ವಿಷಯವಿದೆ. ಈ ಪ್ರಮಾಣಪತ್ರಕ್ಕೆ ಬಳಸಿದ ದಿವೋಕ್ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದ್ದು ಬೆಂಗಳೂರಿನ ಇ-ಗವ್ ಫೌಂಡೇಶನ್. ಶ್ರೀಲಂಕಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳೂ ಇದನ್ನು ಬಳಸಿಕೊಂಡವು.

ಬಾಗಿಲಲ್ಲಿ ನಿಜವಾಗಿ ಆದದ್ದೇನು?

ತಂತ್ರಜ್ಞಾನ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಬಳಸುವವರ ಮೇಲೆ ಫಲ ನಿಂತಿರುತ್ತದೆ. ಹೆಚ್ಚಿನ ಕಡೆ ಬಾಗಿಲಲ್ಲಿದ್ದವರು ಕೋಡನ್ನು ಸ್ಕ್ಯಾನ್ ಮಾಡುತ್ತಿರಲಿಲ್ಲ. ಫೋನಿನ ಪರದೆಯತ್ತ ಒಮ್ಮೆ ಕಣ್ಣು ಹಾಯಿಸಿ ಒಳಗೆ ಬಿಡುತ್ತಿದ್ದರು. ಸ್ಕ್ಯಾನ್ ಮಾಡದಿದ್ದರೆ ಡಿಜಿಟಲ್ ಸಹಿಗೆ ಅರ್ಥವೇ ಇಲ್ಲ. ಬೇರೆಯವರ ಪತ್ರದ ಚಿತ್ರದಲ್ಲಿ ಹೆಸರು ತಿದ್ದಿ ತೋರಿಸಿದರೂ ಅದು ಅಸಲಿಯಂತೆಯೇ ಕಾಣುತ್ತದೆ.

ಸ್ಕ್ಯಾನ್ ಮಾಡಿದರೂ ಇನ್ನೊಂದು ಹೆಜ್ಜೆ ಉಳಿಯುತ್ತಿತ್ತು. ಪ್ರಮಾಣಪತ್ರದಲ್ಲಿ ಲಸಿಕೆ ಪಡೆದವರ ಭಾವಚಿತ್ರ ಇರಲಿಲ್ಲ. ಆದ್ದರಿಂದ ಪತ್ರ ತೋರಿಸಿದ ವ್ಯಕ್ತಿಯೇ ಅದರ ಒಡೆಯ ಎಂದು ತಿಳಿಯಲು ಗುರುತಿನ ಚೀಟಿಯನ್ನೂ ನೋಡಬೇಕು. ಮೊದಲ ಆಟಕ್ಕೆ ಜನ ಸಾಲುಗಟ್ಟಿ ನಿಂತಿರುವಾಗ ಒಬ್ಬ ಕಾವಲುಗಾರ ಇಷ್ಟೆಲ್ಲ ಮಾಡುವುದು ಕಷ್ಟ. ಹೊಸಪೇಟೆಯಂತಹ ಊರಿನಲ್ಲಿ ಸಿನಿಮಾ ಎಂದರೆ ಎಷ್ಟು ದೊಡ್ಡ ಸಂಭ್ರಮ ಎಂಬುದು ಎಲ್ಲರಿಗೂ ಗೊತ್ತು. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಪುತ್ಥಳಿಯನ್ನು ಈ ಊರಿನ ಜನ 2022ರ ಜೂನ್‌ನಲ್ಲಿ ಸ್ಥಾಪಿಸಿದ್ದಾರೆ. ಇಂತಹ ಊರಿನಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಯಾರನ್ನಾದರೂ ಹಿಂದಕ್ಕೆ ಕಳುಹಿಸುವುದು ಸುಲಭದ ಕೆಲಸವಲ್ಲ.

ಇನ್ನೊಂದು ಮಾತು. ದಾಖಲೆಯೇ ತಪ್ಪಾಗಿದ್ದರೆ ಡಿಜಿಟಲ್ ಸಹಿ ಅದನ್ನು ಸರಿಪಡಿಸಲಾರದು. ಎರಡನೇ ಡೋಸ್ ಪಡೆಯದವರಿಗೂ, ಆ ವೇಳೆಗೆ ತೀರಿಕೊಂಡವರಿಗೂ ಲಸಿಕೆ ಪಡೆದಿದ್ದೀರಿ ಎಂಬ ಸಂದೇಶ ಬಂದ ಪ್ರಕರಣಗಳು ದೇಶದ ಹಲವೆಡೆಗಳಿಂದ ಆಗ ಪತ್ರಿಕೆಗಳಲ್ಲಿ ವರದಿಯಾಗಿದ್ದವು. ಅಂತಹ ಪತ್ರವನ್ನು ಸ್ಕ್ಯಾನ್ ಮಾಡಿದರೆ ಅದು ಅಸಲಿ ಎಂದೇ ತೋರಿಸುತ್ತದೆ. ಏಕೆಂದರೆ ಸಹಿ ಅಸಲಿ, ದಾಖಲೆ ಮಾತ್ರ ತಪ್ಪು.

ಪ್ರಮಾಣಪತ್ರ ಏನನ್ನು ಹೇಳುತ್ತಿರಲಿಲ್ಲ?

ಎರಡು ಡೋಸ್ ಪಡೆದವರು ತೀವ್ರವಾಗಿ ಕಾಯಿಲೆ ಬೀಳುವ ಮತ್ತು ಸಾಯುವ ಸಾಧ್ಯತೆ ಬಹಳ ಕಡಿಮೆಯಾಗಿತ್ತು. ಇದು ಲಸಿಕೆಯಿಂದ ಆದ ದೊಡ್ಡ ಉಪಕಾರ. ಆದರೆ ಪ್ರಮಾಣಪತ್ರವು ಆ ವ್ಯಕ್ತಿಗೆ ಇಂದು ಸೋಂಕು ಇಲ್ಲ ಎಂದು ಹೇಳುತ್ತಿರಲಿಲ್ಲ. ಒಮೈಕ್ರಾನ್ ಲಸಿಕೆ ಪಡೆದವರಿಗೂ ತಗಲುತ್ತಿತ್ತು, ಅವರಿಂದ ಇತರರಿಗೂ ಹರಡುತ್ತಿತ್ತು. ಪತ್ರ ಇದೆ ಎಂಬ ಧೈರ್ಯದಲ್ಲಿ ಮಾಸ್ಕ್ ತೆಗೆದು ಕಿಕ್ಕಿರಿದು ಕುಳಿತರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಆದ್ದರಿಂದಲೇ ಆದೇಶಗಳಲ್ಲಿ ಪ್ರಮಾಣಪತ್ರದ ಜೊತೆಗೆ ಮಾಸ್ಕ್, ಶೇಕಡಾ 50 ಆಸನ ಮೊದಲಾದ ನಿಯಮಗಳೂ ಇದ್ದವು.

ಮೇಲೆ ಹೇಳಿದ ಎರಡು ಉದ್ದೇಶಗಳಲ್ಲಿ ಮೊದಲನೆಯದಕ್ಕೆ, ಅಂದರೆ ಕಟ್ಟಡದ ಒಳಗೆ ಸೋಂಕು ತಡೆಯುವುದಕ್ಕೆ, ಪ್ರಮಾಣಪತ್ರದ ನೆರವು ಒಮೈಕ್ರಾನ್ ಬಂದ ಬಳಿಕ ಕಡಿಮೆಯಾಯಿತು. ಎರಡನೆಯದಕ್ಕೆ, ಅಂದರೆ ಜನರನ್ನು ಲಸಿಕೆಗೆ ಪ್ರೇರೇಪಿಸುವುದಕ್ಕೆ, ಅದು ಒಂದು ಒತ್ತಡದ ಸಾಧನವಾಗಿ ಉಳಿಯಿತು. ಒತ್ತಡ ಎಷ್ಟು ಸರಿ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಯಾರು ಹೊರಗೆ ಉಳಿದರು?

ಲಸಿಕೆ ಬೇಡ ಎಂದವರು ಮಾತ್ರ ಹೊರಗುಳಿದರು ಎಂದು ಭಾವಿಸುವುದು ಸರಿಯಲ್ಲ. ತಮ್ಮದಲ್ಲದ ಕಾರಣಕ್ಕೆ ಹೊರಗುಳಿದವರೂ ಇದ್ದರು.

ಮೊದಲನೆಯದಾಗಿ, ಡೋಸ್‌ಗಳ ನಡುವಿನ ಅಂತರ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 12ರಿಂದ 16 ವಾರಗಳ ಅಂತರ ಇರಬೇಕೆಂದು 2021ರ ಮೇ 13ರಂದು ನಿಗದಿಯಾಗಿತ್ತು. ಅಂದರೆ ಕನಿಷ್ಠ 84 ದಿನ. ಡಿಸೆಂಬರ್ 3ರಿಂದ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 10 ಬರುತ್ತದೆ. ಆ ದಿನದ ಬಳಿಕ ಮೊದಲ ಡೋಸ್ ಪಡೆದವರಿಗೆ ಆದೇಶ ಬಂದ ದಿನ ಎರಡನೇ ಡೋಸ್ ಕೇಳಿದರೂ ಸಿಗುತ್ತಿರಲಿಲ್ಲ. ಕೊವ್ಯಾಕ್ಸಿನ್ ಪಡೆದವರಿಗೆ 28 ದಿನ ಸಾಕಿತ್ತು. ಹೀಗೆ ಒಂದೇ ದಿನ, ಒಂದೇ ಊರಿನಲ್ಲಿ ಲಸಿಕೆ ಪಡೆದ ಇಬ್ಬರಲ್ಲಿ ಒಬ್ಬರಿಗೆ ಪ್ರವೇಶ, ಇನ್ನೊಬ್ಬರಿಗೆ ಇಲ್ಲ.

ಎರಡನೆಯದಾಗಿ, ಸೋಂಕು ತಗಲಿ ಗುಣವಾದವರು. ಅವರು ಗುಣವಾದ ಮೂರು ತಿಂಗಳ ಬಳಿಕವೇ ಲಸಿಕೆ ಪಡೆಯಬೇಕೆಂದು 2021ರ ಮೇ ತಿಂಗಳಲ್ಲಿ ಸೂಚಿಸಲಾಗಿತ್ತು. ಸೂಚನೆಯನ್ನು ಪಾಲಿಸಿದ ಕಾರಣಕ್ಕೇ ಅವರ ಕೈಯಲ್ಲಿ ಅಂತಿಮ ಪ್ರಮಾಣಪತ್ರ ಇರಲಿಲ್ಲ. ಗರ್ಭಿಣಿಯರಿಗೆ ಲಸಿಕೆಗೆ ಅನುಮತಿ ಸಿಕ್ಕಿದ್ದೂ ತಡವಾಗಿ, 2021ರ ಜುಲೈ 2ರಂದು.

ಮೂರನೆಯದಾಗಿ, ಮಕ್ಕಳು. 15ರಿಂದ 18 ವರ್ಷದವರಿಗೆ ಲಸಿಕೆ ಆರಂಭವಾದದ್ದು 2022ರ ಜನವರಿ 3ರಂದು, 12ರಿಂದ 14 ವರ್ಷದವರಿಗೆ ಮಾರ್ಚ್ 16ರಂದು. ಡಿಸೆಂಬರ್‌ನ ಆದೇಶದ ವೇಳೆಗೆ ಶಾಲಾ ಮಕ್ಕಳಿಗೆ ಲಸಿಕೆಯೇ ಇರಲಿಲ್ಲ. ಆದ್ದರಿಂದ ಷರತ್ತನ್ನು ಹೆತ್ತವರ ಮೇಲೆ ಹಾಕಲಾಯಿತು. ಹೆತ್ತವರ ಬಳಿ ಪತ್ರ ಇಲ್ಲದಿದ್ದರೆ ಮಗು ತರಗತಿ ಕಳೆದುಕೊಳ್ಳುವ ಅಪಾಯವಿತ್ತು.

ನಾಲ್ಕನೆಯದಾಗಿ, ಫೋನ್ ಇಲ್ಲದವರು. ಕೋವಿನ್‌ನಲ್ಲಿ ಒಂದು ಮೊಬೈಲ್ ಸಂಖ್ಯೆಯಿಂದ ನಾಲ್ಕು ಜನರ ಹೆಸರನ್ನು ಮಾತ್ರ ನೋಂದಾಯಿಸಬಹುದಿತ್ತು. ಇದನ್ನು ಆರಕ್ಕೆ ಏರಿಸಿದ್ದು 2022ರ ಜನವರಿಯಲ್ಲಿ. ಅಜ್ಜ, ಅಜ್ಜಿ, ತಂದೆ, ತಾಯಿ, ಇಬ್ಬರು ಮೂವರು ಪ್ರಾಯಕ್ಕೆ ಬಂದ ಮಕ್ಕಳು ಇರುವ ಮನೆಯಲ್ಲಿ ಒಂದೇ ಫೋನ್ ಇದ್ದರೆ ಉಳಿದವರು ನೆರೆಮನೆಯವರ ಅಥವಾ ಮೇಸ್ತ್ರಿಯ ಸಂಖ್ಯೆ ಕೊಡಬೇಕಾಗುತ್ತಿತ್ತು. ಪ್ರಮಾಣಪತ್ರ ತೆರೆಯುವ ಒಟಿಪಿ ಹೋಗುವುದು ಆ ಸಂಖ್ಯೆಗೆ. ಸಂಡೂರಿನ ಗಣಿ ಪ್ರದೇಶದ ದಿನಗೂಲಿಯವರಿಗೆ, ಕಂಪ್ಲಿಯ ಕಬ್ಬು ಭತ್ತದ ಗದ್ದೆಗಳಿಗೆ ಬೇರೆ ಊರುಗಳಿಂದ ಬರುವ ಕೂಲಿಯವರಿಗೆ ಇಂತಹ ತೊಡಕು ಹೆಚ್ಚು. ಲಸಿಕೆ ಪಡೆದಿದ್ದರೂ ಪತ್ರ ಕೈಗೆ ಸಿಗದಿರುವ ಸ್ಥಿತಿ ಇದು. ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ನೀಡುವ ಕ್ರಮವನ್ನು ಕೇಂದ್ರ ಸರಕಾರ 2021ರ ಮೇ ತಿಂಗಳಲ್ಲಿ ಪ್ರಕಟಿಸಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಬಾಗಿಲಲ್ಲಿ ಗುರುತು ತೋರಿಸುವ ಸಮಸ್ಯೆ ಅದರಿಂದ ಪರಿಹಾರವಾಗಲಿಲ್ಲ.

ಗಡಿಯಲ್ಲಿ ಬೇರೆ ಲೆಕ್ಕ

ಕಾಸರಗೋಡಿನ ಕನ್ನಡಿಗರ ಅನುಭವ ಇನ್ನೂ ಬೇರೆ. ಕೇರಳ ಸರಕಾರವು 2021ರ ಆಗಸ್ಟ್ ಮೊದಲ ವಾರದಲ್ಲಿ ಅಂಗಡಿ, ಬ್ಯಾಂಕ್, ಮಾರುಕಟ್ಟೆಗಳ ಪ್ರವೇಶಕ್ಕೆ ಮೂರು ದಾರಿಗಳನ್ನು ಕೊಟ್ಟಿತು: ಎರಡು ವಾರ ಹಿಂದೆ ಕನಿಷ್ಠ ಒಂದು ಡೋಸ್ ಪಡೆದಿರಬೇಕು, ಇಲ್ಲವೇ 72 ಗಂಟೆಗಳ ಒಳಗಿನ ನೆಗೆಟಿವ್ ಆರ್‌ಟಿಪಿಸಿಆರ್ ವರದಿ ಇರಬೇಕು, ಇಲ್ಲವೇ ಸೋಂಕು ಬಂದು ಒಂದು ತಿಂಗಳು ಕಳೆದಿರಬೇಕು. ಅದೇ ವೇಳೆಗೆ ಕರ್ನಾಟಕವು ಕೇರಳದಿಂದ ಬರುವವರು ಲಸಿಕೆ ಪಡೆದಿದ್ದರೂ ನೆಗೆಟಿವ್ ವರದಿ ತರಲೇಬೇಕೆಂದು ನಿಯಮ ಮಾಡಿತು. ಹೀಗಾಗಿ ಕಾಸರಗೋಡಿನ ಅಂಗಡಿಯಲ್ಲಿ ನಡೆಯುತ್ತಿದ್ದ ಪ್ರಮಾಣಪತ್ರ ತಲಪಾಡಿಯ ಗೇಟಿನಲ್ಲಿ ನಡೆಯುತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆ, ಕಾಲೇಜು, ಉದ್ಯೋಗಗಳನ್ನು ನಂಬಿಕೊಂಡ ಕುಟುಂಬಗಳಿಗೆ ಇದು ದೊಡ್ಡ ಸಂಕಷ್ಟವಾಯಿತು.

ಕೇರಳದ ನಿಯಮದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಲ್ಲಿ ಲಸಿಕೆ ಪಡೆಯದವರಿಗೂ ಬೇರೆ ದಾರಿ ಇತ್ತು. ಕರ್ನಾಟಕದ ಡಿಸೆಂಬರ್ ನಿಯಮದಲ್ಲಿ ಚಿತ್ರಮಂದಿರದ ಬಾಗಿಲಿಗೆ ಇದ್ದ ದಾರಿ ಎರಡು ಡೋಸ್ ಮಾತ್ರ.

ಹೊರದೇಶಗಳಲ್ಲಿ

ಇಸ್ರೇಲ್ 2021ರ ಫೆಬ್ರವರಿಯಲ್ಲಿ ಗ್ರೀನ್ ಪಾಸ್ ಜಾರಿಗೊಳಿಸಿತು. ಐರೋಪ್ಯ ಒಕ್ಕೂಟದ ಡಿಜಿಟಲ್ ಕೋವಿಡ್ ಪ್ರಮಾಣಪತ್ರ 2021ರ ಜುಲೈ 1ರಿಂದ 2023ರ ಜೂನ್ 30ರವರೆಗೆ ಚಾಲ್ತಿಯಲ್ಲಿತ್ತು. ಅದರಲ್ಲಿ ಲಸಿಕೆ, ನೆಗೆಟಿವ್ ವರದಿ, ಗುಣವಾದ ದಾಖಲೆ ಈ ಮೂರರಲ್ಲಿ ಯಾವುದಾದರೂ ಸಾಕಿತ್ತು.

ವಿದೇಶದಲ್ಲಿ ದುಡಿಯುವ ನಮ್ಮವರಿಗೂ ತೊಡಕುಗಳು ಬಂದವು. ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿಕೊಂಡರೂ ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ನಮ್ಮ ಪತ್ರದಲ್ಲಿ ವಯಸ್ಸು ಮಾತ್ರ ಇತ್ತು, ಪೂರ್ಣ ಜನ್ಮದಿನಾಂಕ ಇರಲಿಲ್ಲ. ವಿದೇಶ ಪ್ರಯಾಣದ ಪತ್ರದಲ್ಲಿ ಜನ್ಮದಿನಾಂಕ ಸೇರಿಸಲು ಬಳಿಕ ವ್ಯವಸ್ಥೆ ಮಾಡಲಾಯಿತು. ಭಾರತವೂ ಬ್ರಿಟನ್ನಿನಿಂದ ಬರುವವರ ಮೇಲೆ ಅದೇ ಬಗೆಯ ನಿರ್ಬಂಧ ಹಾಕಿತು. ಕೊನೆಗೆ ಅಕ್ಟೋಬರ್ 11ರಿಂದ ಬ್ರಿಟನ್ ಕ್ವಾರಂಟೈನ್ ಕೈಬಿಟ್ಟಿತು. ಕೊವ್ಯಾಕ್ಸಿನ್ ಪಡೆದವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ನವೆಂಬರ್ 3ರವರೆಗೆ ಕಾಯಬೇಕಾಯಿತು.

ಪ್ರಾರ್ಥನಾ ಸ್ಥಳಗಳ ಬಾಗಿಲು

2022ರ ಜನವರಿ 4ರ ಆದೇಶದಂತೆ ಪ್ರಾರ್ಥನಾ ಸ್ಥಳಗಳಲ್ಲಿ ದರ್ಶನಕ್ಕೆ ಮಾತ್ರ ಅವಕಾಶವಿತ್ತು, ಸೇವೆಗಳಿಗೆ ಇರಲಿಲ್ಲ. ಎರಡು ಡೋಸ್ ಪಡೆದ 50 ಜನರನ್ನು ಮಾತ್ರ ಒಂದು ಬಾರಿಗೆ ಒಳಗೆ ಬಿಡಬೇಕಿತ್ತು. ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೂ, ಊರಿನ ಮಸೀದಿಗೂ, ಚರ್ಚಿಗೂ ನಿಯಮ ಒಂದೇ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ವಾರಾಂತ್ಯ ಕರ್ಫ್ಯೂ ಇದ್ದುದರಿಂದ ಜನವರಿ 9 ಮತ್ತು 16ರ ಭಾನುವಾರಗಳಂದು ಜನ ಹೊರಗೆ ಬರುವಂತಿರಲಿಲ್ಲ. ಜನವರಿ 21ರಂದು ವಾರಾಂತ್ಯ ಕರ್ಫ್ಯೂ ತೆರವಾಯಿತು, ಜನವರಿ 31ರಿಂದ ರಾತ್ರಿ ಕರ್ಫ್ಯೂ ಕೂಡ ಹೋಯಿತು. ಫೆಬ್ರವರಿ 5ರಿಂದ ಚಿತ್ರಮಂದಿರಗಳಲ್ಲಿ ಎಲ್ಲ ಆಸನಗಳ ಭರ್ತಿಗೆ ಅವಕಾಶ ದೊರೆಯಿತು.

ವ್ಯಾಟಿಕನ್ ನಗರವೂ 2021ರ ಅಕ್ಟೋಬರ್ 1ರಿಂದ ತನ್ನೊಳಗೆ ಪ್ರವೇಶಿಸುವವರಿಗೆ ಗ್ರೀನ್ ಪಾಸ್ ಕಡ್ಡಾಯ ಮಾಡಿತ್ತು. ಆದರೆ ದೈವಾರಾಧನಾ ವಿಧಿಯಲ್ಲಿ ಭಾಗವಹಿಸಲು ಬರುವವರಿಗೆ, ವಿಧಿ ನಡೆಯುವಷ್ಟು ಹೊತ್ತು, ವಿನಾಯಿತಿ ನೀಡಿತ್ತು. ವಸ್ತುಸಂಗ್ರಹಾಲಯ ನೋಡಲು ಬರುವುದೂ ಪ್ರಾರ್ಥನೆಗೆ ಬರುವುದೂ ಒಂದೇ ಅಲ್ಲ ಎಂಬ ವಿವೇಚನೆ ಅದರಲ್ಲಿತ್ತು. ಲಸಿಕೆ ಪಡೆಯುವುದು ಪ್ರೀತಿಯ ಕಾರ್ಯ ಎಂದು ಪೋಪ್ ಫ್ರಾನ್ಸಿಸ್ ಅವರು 2021ರ ಆಗಸ್ಟ್‌ನಲ್ಲಿ ಜನರನ್ನು ಪ್ರೋತ್ಸಾಹಿಸಿದ್ದರು. ಅದೇ ಹೊತ್ತಿಗೆ, ಲಸಿಕೆ ಸಾಮಾನ್ಯವಾಗಿ ಸ್ವಇಚ್ಛೆಯದ್ದಾಗಿರಬೇಕು ಎಂದು ವಿಶ್ವಾಸ ಸಿದ್ಧಾಂತದ ಪೀಠವು 2020ರ ಡಿಸೆಂಬರ್ 21ರ ಟಿಪ್ಪಣಿಯಲ್ಲಿ ಹೇಳಿತ್ತು.

ಇದು ಹೊಸ ವಿಷಯವಲ್ಲ

ಸುಮಾರು 125 ವರ್ಷಗಳ ಹಿಂದೆಯೂ ಈ ನಾಡು ಇಂತಹ ಪತ್ರಗಳನ್ನು ಕಂಡಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರಲ್ಲಿ ಹುಬ್ಬಳ್ಳಿ ಮತ್ತು ಬೆಂಗಳೂರಿಗೆ ಬಂತು. ಹಾಫ್‌ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ಸಿದ್ಧಪಡಿಸಿ ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಅದನ್ನು ಚುಚ್ಚಲಾಯಿತು. ಆಗ ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಲ್ಲಿ ರೋಗಪೀಡಿತ ಊರುಗಳಿಂದ ಬರುವವರು ಪ್ಲೇಗ್ ಪಾಸ್‌ಪೋರ್ಟ್ ಪಡೆದು, ತಲುಪಿದ ಊರಿನಲ್ಲಿ ಹತ್ತು ದಿನ ಅಧಿಕಾರಿಗಳ ಮುಂದೆ ಹಾಜರಾಗಬೇಕಿತ್ತು. ಅಂದು ರಚಿಸಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರ ಮಾರ್ಚ್‌ನಲ್ಲಿ ಕರ್ನಾಟಕ ಮೊದಲಿಗೆ ಬಳಸಿತು.

ಇಂದಿಗೂ ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯ ಪತ್ರ ತೋರಿಸಬೇಕು. ಆದರೆ ಅದು ದೇಶದ ಗಡಿ ದಾಟುವಾಗ. ಊರಿನ ಹೋಟೆಲಿಗೆ, ಚಿತ್ರಮಂದಿರಕ್ಕೆ, ಪ್ರಾರ್ಥನೆಗೆ ಹೋಗುವಾಗ ಲಸಿಕೆಯ ಪತ್ರ ಕೇಳಿದ್ದು ಬಹಳ ದೊಡ್ಡ ಬದಲಾವಣೆ.

ನ್ಯಾಯಾಲಯ ಹೇಳಿದ್ದೇನು?

ಯಾವುದೇ ಕೆಲಸಕ್ಕೆ ಲಸಿಕೆ ಪ್ರಮಾಣಪತ್ರ ಕಡ್ಡಾಯ ಎಂದು ತಾನು ಸೂಚನೆ ನೀಡಿಲ್ಲ ಎಂದು ಕೇಂದ್ರ ಸರಕಾರವು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಅಂದರೆ ಕಡ್ಡಾಯ ಮಾಡಿದ್ದು ರಾಜ್ಯಗಳು. ಬಳಿಕ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠವು 2022ರ ಮೇ 2ರಂದು ತೀರ್ಪು ನೀಡಿತು. ಅದರ ಸಾರಾಂಶ ಹೀಗಿದೆ: ಸಂವಿಧಾನದ 21ನೇ ವಿಧಿಯಂತೆ ಒಬ್ಬ ವ್ಯಕ್ತಿಯ ದೇಹದ ಮೇಲಿನ ಹಕ್ಕು ಅವನದೇ, ಯಾರಿಗೂ ಬಲವಂತದಿಂದ ಲಸಿಕೆ ನೀಡುವಂತಿಲ್ಲ. ಸಮಾಜದ ಆರೋಗ್ಯಕ್ಕಾಗಿ ಸರಕಾರ ಕೆಲವು ನಿರ್ಬಂಧ ಹಾಕಬಹುದು, ಆದರೆ ಅವು ಪರಿಸ್ಥಿತಿಗೆ ತಕ್ಕಷ್ಟೇ ಇರಬೇಕು. ಸೋಂಕು ಕಡಿಮೆ ಇರುವಾಗ ಲಸಿಕೆ ಪಡೆಯದವರಿಗೆ ಸಾರ್ವಜನಿಕ ಸ್ಥಳಗಳ ಪ್ರವೇಶ ತಡೆಯುವುದು ಸರಿಯಲ್ಲ, ಅಂತಹ ಆದೇಶಗಳನ್ನು ಮರುಪರಿಶೀಲಿಸಬೇಕು. ಸರಕಾರದ ಲಸಿಕಾ ನೀತಿಯನ್ನು ಮಾತ್ರ ನ್ಯಾಯಾಲಯ ತಪ್ಪೆಂದು ಹೇಳಲಿಲ್ಲ.

ನಮ್ಮ ಮಾಹಿತಿಯ ಗತಿ

ಪ್ರಮಾಣಪತ್ರದೊಂದಿಗೆ ಬಂದ ಇನ್ನೊಂದು ಪ್ರಶ್ನೆ ಖಾಸಗಿತನದ್ದು. ಆಧಾರ್ ತೋರಿಸಿ ಲಸಿಕೆ ಪಡೆದ ಅನೇಕರ ಪತ್ರದಲ್ಲಿ ಅವರು ಕೇಳದಿದ್ದರೂ ಆರೋಗ್ಯ ಗುರುತು ಸಂಖ್ಯೆಯೊಂದು ಮೂಡಿತು. 2023ರ ಜೂನ್‌ನಲ್ಲಿ ಟೆಲಿಗ್ರಾಂನಲ್ಲಿ ಲಸಿಕೆ ಪಡೆದವರ ವಿವರಗಳು ಸಿಗುತ್ತಿವೆ ಎಂಬ ವರದಿಗಳು ಬಂದವು. ಕೋವಿನ್ ಸುರಕ್ಷಿತವಾಗಿದೆ ಎಂದು ಕೇಂದ್ರ ಆರೋಗ್ಯ ಇಲಾಖೆ ಸ್ಪಷ್ಟನೆ ನೀಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ನೀಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಲಸಿಕಾ ಅಭಿಯಾನ ನಡೆದ ಕಾಲದಲ್ಲಿ ಅಂತಹ ಕಾಯ್ದೆ ಇರಲಿಲ್ಲ.

ಬಾಗಿಲಲ್ಲಿ ತಪಾಸಣೆ ಮಾಡುವವರು ಜನರ ಪತ್ರದ ಫೋಟೋ ತೆಗೆಯುವುದು, ವಾಟ್ಸಾಪ್ ಗುಂಪಿನಲ್ಲಿ ಪ್ರತಿಗಳನ್ನು ಕಳುಹಿಸಲು ಹೇಳುವುದು ಸರಿಯಲ್ಲ. ನೋಡಿ ಹಿಂದಿರುಗಿಸಿದರೆ ಸಾಕು.

ಮುಂದೆ ನಾವು ಮಾಡಬಹುದಾದದ್ದು

ಧರ್ಮಕೇಂದ್ರದ ಪಾಲನಾ ಪರಿಷತ್ತು, ವಾಳೆಯ ಗುರಿಕಾರರು, ಯುವ ಸಂಘಟನೆಗಳ ಸದಸ್ಯರು ಹಾಗೂ ಸ್ವಯಂಸೇವಕರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬಹುದು.

1. ಆದೇಶವನ್ನು ಪೂರ್ತಿ ಓದಬೇಕು. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಸ್ಥಳಕ್ಕೆ, ಯಾರಿಗೆ ವಿನಾಯಿತಿ ಎಂಬುದನ್ನು ಬರೆದು ಸೂಚನಾ ಫಲಕದಲ್ಲಿ ಹಾಕಬೇಕು. ಅವಧಿ ಮುಗಿದ ಮೇಲೆ ಫಲಕವನ್ನು ತೆಗೆಯಬೇಕು.

2. ಫೋನ್ ಇಲ್ಲದವರ ಪಟ್ಟಿಯನ್ನು ವಾಳೆವಾರು ಮಾಡಿ, ಅವರ ಒಪ್ಪಿಗೆ ಪಡೆದು, ಪ್ರಮಾಣಪತ್ರವನ್ನು ಮುದ್ರಿಸಿ ಕೊಡಬೇಕು. ಕಾಗದದ ಮೇಲಿನ ಕ್ಯೂಆರ್ ಕೋಡ್ ಕೂಡ ಫೋನಿನಲ್ಲಿರುವಷ್ಟೇ ಸಿಂಧು. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಉಳಿದ ಪ್ರತಿಗಳನ್ನು ಅಳಿಸಬೇಕು.

3. ಪತ್ರದಲ್ಲಿನ ಹೆಸರು ಗುರುತಿನ ಚೀಟಿಯೊಂದಿಗೆ ಹೊಂದುತ್ತದೆಯೇ ಎಂದು ಅಗತ್ಯ ಬರುವ ಮೊದಲೇ ನೋಡಿಕೊಳ್ಳಬೇಕು. ವಿದೇಶಕ್ಕೆ ಹೋಗುವವರು ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳೊಂದಿಗೆ ಹೋಲಿಸಬೇಕು.

4. ಬಾಗಿಲಲ್ಲಿ ನಿಲ್ಲುವವರಿಗೆ ಸ್ಕ್ಯಾನ್ ಮಾಡಲು ಕಲಿಸಬೇಕು. ಪತ್ರ ಇಲ್ಲದವರನ್ನು ಎಲ್ಲರೆದುರು ಪ್ರಶ್ನಿಸಬಾರದು. ಕಾರಣ ಅನಾರೋಗ್ಯವೋ, ಡೋಸ್ ಅಂತರವೋ, ಫೋನ್ ಇಲ್ಲದಿರುವುದೋ ನಮಗೆ ಗೊತ್ತಿರುವುದಿಲ್ಲ.

5. ಒಳಗೆ ಬರಲಾಗದವರಿಗೆ ಬೇರೆ ವ್ಯವಸ್ಥೆ ಇರಬೇಕು. ತೆರೆದ ಅಂಗಳದಲ್ಲಿ ಕುರ್ಚಿ, ಧ್ವನಿವರ್ಧಕ, ಮನೆಗೆ ಭೇಟಿ ಇವುಗಳಲ್ಲಿ ಆ ದಿನದ ಆದೇಶ ಒಪ್ಪುವುದನ್ನು ಮಾಡಬೇಕು. ಗಾಳಿಯಾಡುವ ಸ್ಥಳ ಮತ್ತು ಮಾಸ್ಕ್ ಪ್ರಮಾಣಪತ್ರ ಇದ್ದವರಿಗೂ ಇಲ್ಲದವರಿಗೂ ಸಮಾನವಾಗಿ ರಕ್ಷಣೆ ಕೊಡುತ್ತವೆ.

6. ಲಸಿಕೆಗೆ ಹೆದರುವವರೊಂದಿಗೆ ಊರಿನ ದಾದಿಯರು, ಆಶಾ ಕಾರ್ಯಕರ್ತೆಯರು, ವೈದ್ಯರು ಕುಳಿತು ಮಾತನಾಡುವಂತೆ ಮಾಡಬೇಕು. ಬಾಗಿಲಲ್ಲಿ ತಡೆದಾಗ ಹುಟ್ಟುವ ಸಿಟ್ಟು ಹೆದರಿಕೆಯನ್ನು ಕಡಿಮೆ ಮಾಡುವುದಿಲ್ಲ.

7. ತಮ್ಮ ಹಾಗೂ ಮಕ್ಕಳ ಎಲ್ಲ ಲಸಿಕೆಗಳ ದಾಖಲೆಯನ್ನು, ಕೋವಿಡ್‌ನದ್ದೂ ಸೇರಿ, ಮನೆಯ ಇತರ ಮುಖ್ಯ ಕಾಗದಗಳೊಂದಿಗೆ ಜೋಪಾನವಾಗಿಡಬೇಕು. ಕೋವಿನ್ ಮಾದರಿಯಲ್ಲೇ ಗರ್ಭಿಣಿಯರ ಮತ್ತು ಮಕ್ಕಳ ಲಸಿಕೆಗಾಗಿ ಯು-ವಿನ್ ಎಂಬ ವ್ಯವಸ್ಥೆ ರೂಪುಗೊಂಡಿದೆ. ಆದ್ದರಿಂದ ಡಿಜಿಟಲ್ ದಾಖಲೆ ನಮ್ಮ ಜೊತೆಗೇ ಇರಲಿದೆ.

ಲಸಿಕೆ ಲಕ್ಷಾಂತರ ಜೀವಗಳನ್ನು ಉಳಿಸಿತು. ಅದನ್ನು ಪಡೆದೆ ಎಂದು ತಿಳಿಸುವ ನಂಬಲರ್ಹ ದಾಖಲೆ ಇರುವುದು ಒಳ್ಳೆಯದೇ. ಆದರೆ ದಾಖಲೆ ಆರೋಗ್ಯದ ಕೆಲಸಕ್ಕೆ ಬೇಕಾದದ್ದು, ಮನುಷ್ಯರನ್ನು ವಿಂಗಡಿಸುವುದಕ್ಕಲ್ಲ. ಬಾಗಿಲಲ್ಲಿ ಪತ್ರ ಕೇಳಲೇಬೇಕಾದ ದಿನ ಬಂದರೆ ಸರಿಯಾಗಿ ಕೇಳೋಣ, ಸರಿಯಾಗಿ ಪರೀಕ್ಷಿಸೋಣ. ಪತ್ರ ಇಲ್ಲದೆ ಹಿಂದಿರುಗುವವರು ಯಾರು, ಅವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಅಂದೇ ವಿಚಾರಿಸಿಕೊಳ್ಳೋಣ.